ಬಲೆಗೆ ಬಿದ್ದ ಪಫರ್ ಮೀನು ಅಡುಗೆಮನೆಗೆ ಬರಬಹುದೇ?

ಟ್ರಾಲ್ ಬಲೆಯ ಚೀಲ ಬಿಚ್ಚಿ ಬೋಟಿನ ಮೇಲೆ ಸುರಿದಾಗ ರಾಣಿಮೀನು, ಬೊಂಡಾಸ, ಸಣ್ಣಪುಟ್ಟ ಮೀನಿನ ರಾಶಿಯ ನಡುವೆ ಚೆಂಡಿನಂತೆ ಊದಿಕೊಂಡ ಕೆಲವು ಮೀನು ಉರುಳುತ್ತವೆ. ಬೆನ್ನು ಹಸಿರು ಬೆರೆತ ಕಂದು, ಪಕ್ಕ ಬೆಳ್ಳಿಯಂತೆ ಹೊಳೆಯುತ್ತದೆ, ಹೊಟ್ಟೆ ಅಚ್ಚ ಬಿಳಿ. ಹತ್ತಿರ ಹೋದರೆ ಕಟಕಟ ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಪಫರ್ ಮೀನು ಅಂದರೆ ಇದೇ. ಒಂದೊಂದು ದಿನ ಎರಡು ಮೂರು ಸಿಗುತ್ತವೆ, ಒಂದೊಂದು ದಿನ ಬುಟ್ಟಿಗಟ್ಟಲೆ. ಚರ್ಮ ಸುಲಿದರೆ ಒಳಗೆ ಮುಳ್ಳೇ ಇಲ್ಲದ ಬಿಳಿ ಮಾಂಸ. ಜಪಾನಿನಲ್ಲಿ ಇದನ್ನೇ ಸಾವಿರಾರು ರೂಪಾಯಿ ಕೊಟ್ಟು ತಿನ್ನುತ್ತಾರೆ ಎಂಬುದು ಈಗ ಮೊಬೈಲ್ ಇರುವ ಎಲ್ಲರಿಗೂ ಗೊತ್ತು. ಹಾಗಿದ್ದರೆ ನಾವು ಯಾಕೆ ತಿನ್ನಬಾರದು ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಉತ್ತರವನ್ನು ಮೊದಲೇ ಹೇಳುತ್ತೇವೆ: ನಮ್ಮ ಕಡಲಲ್ಲಿ ಸಿಕ್ಕ ಪಫರ್ ಮೀನನ್ನು ಮನೆಯಲ್ಲಾಗಲಿ, ಹೋಟೆಲಿನಲ್ಲಾಗಲಿ ಬೇಯಿಸಿ ತಿನ್ನಬೇಡಿ. ಇದು ಅಡುಗೆಯವರ ಕೈಗುಣದ ಪ್ರಶ್ನೆಯೇ ಅಲ್ಲ. ಜಪಾನಿನವರು ತಿಂದು ಬದುಕುತ್ತಿರುವುದು ಚಾಕು ಚಳಕದಿಂದ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ಆ ಚಾಕುವಿನ ಹಿಂದೆ ಜಾತಿ ಪಟ್ಟಿ, ವಿಷದ ಅಳತೆ, ಪರವಾನಗಿ, ಬೀಗ ಹಾಕಿದ ಕಸದ ಡಬ್ಬ ಎಲ್ಲವೂ ಇವೆ. ನಮ್ಮ ದಕ್ಕೆಯಲ್ಲಿ ಇವು ಯಾವುದೂ ಇಲ್ಲ.

ಮೊದಲು ಮೀನನ್ನು ಸರಿಯಾಗಿ ನೋಡೋಣ. ಪಫರ್ ಮೀನಿನ ಬಾಯಿ ಗಿಳಿಯ ಕೊಕ್ಕಿನಂತೆ ಇರುತ್ತದೆ. ಮೇಲೆ ಎರಡು, ಕೆಳಗೆ ಎರಡು ಹಲ್ಲಿನ ಹಲಗೆಗಳು. ನಡುವೆ ಒಂದು ಸೀಳುಗೆರೆ. ವೈಜ್ಞಾನಿಕವಾಗಿ ಈ ಕುಟುಂಬಕ್ಕೆ ಇಟ್ಟ ಟೆಟ್ರಾಡಾಂಟಿಡೇ ಎಂಬ ಹೆಸರಿನ ಅರ್ಥವೂ ನಾಲ್ಕು ಹಲ್ಲಿನದು ಎಂದೇ. ಮೈಮೇಲೆ ಹುರುಪೆ ಇಲ್ಲ; ಬೆನ್ನಿನಲ್ಲೋ ಹೊಟ್ಟೆಯಲ್ಲೋ ಬೆರಳಿಗೆ ಸಿಗುವಷ್ಟು ಸಣ್ಣ ಮುಳ್ಳುಗಳ ತೇಪೆ ಇರಬಹುದು. ಕಿವಿರಿನ ಜಾಗದಲ್ಲಿ ಅಗಲವಾದ ಮುಚ್ಚಳದ ಬದಲು ಪಕ್ಕದ ರೆಕ್ಕೆಯ ಮುಂದೆ ಒಂದು ಚಿಕ್ಕ ಸೀಳು. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇಲ್ಲ. ಬೆನ್ನಿನ ರೆಕ್ಕೆ ಒಂದೇ, ಅದೂ ಬಾಲದ ಹತ್ತಿರ. ಅದರಲ್ಲಿ ಗಟ್ಟಿ ಮುಳ್ಳಿಲ್ಲ. ಪಕ್ಕೆಲುಬು ಇಲ್ಲದ ಕಾರಣ ಹೊಟ್ಟೆ ಅಷ್ಟು ದೊಡ್ಡದಾಗಿ ಊದಲು ಸಾಧ್ಯ. ನೀರಿನಲ್ಲಿದ್ದಾಗ ನೀರು ನುಂಗಿ ಊದುತ್ತದೆ, ಬೋಟಿನ ಮೇಲೆ ಗಾಳಿ ನುಂಗುತ್ತದೆ.

ಕಾರ್ಗಿಲ್ ಮೀನಿನ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಇದ್ದಾರೆ. ಕಾರ್ಗಿಲ್ ಯುದ್ಧದ ಕಾಲದಲ್ಲಿ ರಾಶಿ ರಾಶಿ ಬರತೊಡಗಿದ್ದಕ್ಕೆ ನಮ್ಮ ಕರಾವಳಿಯವರು ಆ ಹೆಸರಿಟ್ಟ ಮೀನು ಪಫರ್‌ನ ದೂರದ ನಂಟ ಹೌದು, ಆದರೆ ಪಫರ್ ಅಲ್ಲ. ಅದರ ಮೈ ಚಪ್ಪಟೆ, ಚರ್ಮ ಒರಟು ತೊಗಲಿನಂತೆ, ಬೆನ್ನಿನ ಮೇಲೆ ಎತ್ತಿ ನಿಲ್ಲಿಸಿದರೆ ಬಿಗಿದುಕೊಳ್ಳುವ ಗಟ್ಟಿ ಮುಳ್ಳಿದೆ. ಬೆನ್ನ ಮೇಲೆ ಆ ಮುಳ್ಳು ಇಲ್ಲ, ಬಾಯಿ ಕೊಕ್ಕಿನಂತಿದೆ, ಹೊಟ್ಟೆಯ ಚರ್ಮ ಸಡಿಲವಾಗಿದೆ ಎಂದರೆ ಪಫರ್ ಎಂದೇ ತಿಳಿದು ಬದಿಗಿಡಿ. ಕಷ್ಟ ಬರುವುದು ತಲೆ ಕಡಿದು ಚರ್ಮ ಸುಲಿದ ಮೇಲೆ. ಆಮೇಲೆ ಯಾರಿಗೂ ಗುರುತು ಸಿಗುವುದಿಲ್ಲ. ತಲೆಯೂ ಚರ್ಮವೂ ಇಲ್ಲದ, ಹೆಸರು ಹೇಳದ ಬಿಳಿ ಮಾಂಸದ ತುಂಡು ಅಗ್ಗಕ್ಕೆ ಸಿಕ್ಕರೆ ಅದನ್ನು ಕೊಳ್ಳಬೇಡಿ ಎನ್ನುವುದು ಇದೇ ಕಾರಣಕ್ಕೆ.

ಇನ್ನು ವಿಷದ ವಿಚಾರ. ಹೆಸರು ಟೆಟ್ರೋಡೋಟಾಕ್ಸಿನ್, 1909ರಲ್ಲಿ ಜಪಾನಿನ ತಹಾರಾ ಯೋಶಿಝುಮಿ ಇಟ್ಟದ್ದು. ನಮ್ಮ ನರಗಳಲ್ಲಿ ಸಂದೇಶ ಹರಿಯಬೇಕಾದರೆ ಸೋಡಿಯಂ ಅಯಾನುಗಳು ಒಳನುಗ್ಗುವ ಸಣ್ಣ ಬಾಗಿಲುಗಳು ತೆರೆಯಬೇಕು. ಈ ವಿಷ ಆ ಬಾಗಿಲಿಗೆ ಬೂಚಿನಂತೆ ಕೂತುಬಿಡುತ್ತದೆ. ಸ್ನಾಯುವಿಗೆ ಆಜ್ಞೆ ತಲುಪುವುದಿಲ್ಲ. ಕೊನೆಗೆ ಉಸಿರಾಡಿಸುವ ಸ್ನಾಯುಗಳೂ ನಿಲ್ಲುತ್ತವೆ. ಸಾವು ಬರುವುದು ಉಸಿರು ನಿಂತು.

ಮನುಷ್ಯನನ್ನು ಕೊಲ್ಲಲು ಸುಮಾರು 2 ಮಿಲಿಗ್ರಾಂ ಸಾಕು. ಜಪಾನಿನಲ್ಲಿ ಇದನ್ನು ಮೌಸ್ ಯೂನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಒಂದು ಯೂನಿಟ್ ಎಂದರೆ ಪ್ರಯೋಗದ ಒಂದು ಸಣ್ಣ ಇಲಿಯನ್ನು ಕೊಲ್ಲುವಷ್ಟು ವಿಷ. ಗ್ರಾಂಗೆ 10 ಯೂನಿಟ್‌ಗಿಂತ ಕಡಿಮೆ ಇದ್ದರೆ ತಿನ್ನಬಹುದು; ಒಟ್ಟು 10,000 ಯೂನಿಟ್ ಹೊಟ್ಟೆ ಸೇರಿದರೆ ಸಾವು ಎಂದು ಲೆಕ್ಕ. ಕಡು ವಿಷದ ಜಾತಿಗಳ ಲಿವರ್‌ನಲ್ಲಿ ಗ್ರಾಂಗೆ 1,000 ಯೂನಿಟ್ ದಾಟುವುದುಂಟು. ಅಂದರೆ ಅಂಥ ಲಿವರ್ 10 ಗ್ರಾಂ, ಎರಡು ಟೀ ಚಮಚದಷ್ಟು, ಇದ್ದರೆ ಸಾವಿಗೆ ಸಾಕು.

ಚೆನ್ನಾಗಿ ಬೇಯಿಸಿದರೆ ಹೋಗುತ್ತದಲ್ಲ ಎಂಬ ನಂಬಿಕೆ ನಮ್ಮ ಅಡುಗೆಮನೆಗಳಲ್ಲಿ ಆಳವಾಗಿ ಬೇರೂರಿದೆ. ಬ್ಯಾಕ್ಟೀರಿಯಾಗಳಿಗೆ ಅದು ನಿಜ, ಈ ವಿಷಕ್ಕೆ ಅಲ್ಲ. ಗಂಟೆಗಟ್ಟಲೆ ಕುದಿಸಿದರೂ, ಕಾದ ಎಣ್ಣೆಯಲ್ಲಿ ಗರಿಗರಿ ಹುರಿದರೂ, ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಿದರೂ ಅಡುಗೆಯ ಶಾಖ ಅದನ್ನು ನಂಬುವಷ್ಟು ಒಡೆಯುವುದಿಲ್ಲ. ಹುಳಿ ಹಾಕಿದರೆ? ಹುಣಸೆಹಣ್ಣು, ಪುನರ್ಪುಳಿಯಂಥ ಸೌಮ್ಯ ಹುಳಿಯಲ್ಲಿ ಈ ವಿಷ ಇನ್ನೂ ಸ್ಥಿರವಾಗಿ ಉಳಿಯುತ್ತದೆ. ಅರಿಸಿನ, ಉಪ್ಪು ಸವರಿ ಇಟ್ಟರೆ ನಾತ ಹೋಗಬಹುದು, ವಿಷ ಹೋಗದು. ಅಷ್ಟಕ್ಕೂ ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಇನ್ನೊಂದು ಸಂಗತಿ, ಇದು ಹುಳಿ ಬೆರೆತ ನೀರಿನಲ್ಲಿ ಕರಗುತ್ತದೆ. ಹಾಗಾಗಿ ಲಿವರ್‌ನ ಒಂದು ಚೂರು ಗಸಿಯೊಳಗೆ ಬಿದ್ದರೆ ಇಡೀ ಪಾತ್ರೆಯ ಸಾರು ಕೆಟ್ಟಿತು. ಮೀನಿನ ತುಂಡು ಮುಟ್ಟದೆ ಅನ್ನಕ್ಕೆ ಗಸಿ ಮಾತ್ರ ಸುರಿದುಕೊಂಡ ಮಗುವಿಗೂ ಅಪಾಯ ಅಷ್ಟೇ. ಒಣಗಿಸಿದರೂ ಪ್ರಯೋಜನವಿಲ್ಲ: ನೀರು ಆರಿ ತೂಕ ಇಳಿಯುತ್ತದೆ, ವಿಷ ಇದ್ದಲ್ಲೇ ಇರುತ್ತದೆ.

ಲಿವರ್, ಮೊಟ್ಟೆ, ಕರುಳು ತೆಗೆದರೆ ಮಾಂಸ ಸುರಕ್ಷಿತ ಎಂಬುದು ಎರಡನೆಯ ನಂಬಿಕೆ. ಜನ ಸಾಯುವುದು ಹೆಚ್ಚಾಗಿ ಈ ಅರ್ಧ ಸತ್ಯದಿಂದ. ಬಹಳ ಜಾತಿಗಳಲ್ಲಿ ಲಿವರ್ ಮತ್ತು ಹೆಣ್ಣಿನ ಮೊಟ್ಟೆಯಲ್ಲೇ ವಿಷ ಹೆಚ್ಚು, ನಿಜ. ಆದರೆ ಕೆಲವು ಜಾತಿಗಳಲ್ಲಿ ಚರ್ಮದಲ್ಲೂ ಅಷ್ಟೇ ಇದೆ, ಇನ್ನು ಕೆಲವುಗಳಲ್ಲಿ ಮಾಂಸವೇ ವಿಷ. ಅರಬ್ಬಿ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಸಿಗುವ ಲಾಗೋಸೆಫಾಲಸ್ ಲುನಾರಿಸ್ ಅಂಥದ್ದು. ಅದನ್ನೇ ಹೋಲುವ ಲಾಗೋಸೆಫಾಲಸ್ ಸ್ಪಾಡಿಸಿಯಸ್‌ನ ಮಾಂಸವನ್ನು ಪೂರ್ವ ಏಷ್ಯಾದಲ್ಲಿ ತಿನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ: ಒಂದೇ ಅಳತೆ, ಒಂದೇ ಬೆಳ್ಳಿ ಬಣ್ಣ. ವ್ಯತ್ಯಾಸ ಬೆನ್ನಿನ ಸಣ್ಣ ಮುಳ್ಳುಗಳ ತೇಪೆಯಲ್ಲಿದೆ. ತಲೆಯಿಂದ ಹೊರಟ ಆ ತೇಪೆ ಲುನಾರಿಸ್‌ನಲ್ಲಿ ಬೆನ್ನಿನ ರೆಕ್ಕೆಯ ಬುಡದವರೆಗೆ ಹೋಗುತ್ತದೆ. ಸ್ಪಾಡಿಸಿಯಸ್‌ನಲ್ಲಿ ಅಷ್ಟು ದೂರ ಹೋಗದೆ ಮುಂದುಗಡೆಯೇ ನಿಲ್ಲುತ್ತದೆ. ನಡುರಾತ್ರಿ, ದೀಪದ ಬೆಳಕಿನಲ್ಲಿ, ಮಂಜುಗಡ್ಡೆಯಡಿ ಬಿದ್ದು ಚರ್ಮ ತರಚಿದ ಮೀನಿನ ಮೇಲೆ ಈ ಗೆರೆಯನ್ನು ಹುಡುಕಿ ಜೀವ ಪಣಕ್ಕಿಡಲು ಆಗುತ್ತದೆಯೇ? ತಜ್ಞರೇ ಎಡವಿದ ಗುರುತು ಇದು; ಒಂದರ ಹೆಸರಿನಲ್ಲಿ ಇನ್ನೊಂದು ಮಾರಾಟವಾಗಿ ವಿಷವೇರಿದ ಪ್ರಕರಣಗಳು ಜಪಾನ್, ತೈವಾನ್‌ಗಳಲ್ಲಿ ದಾಖಲಾಗಿವೆ.

ಜಾತಿ ಸರಿಯಾಗಿ ಗೊತ್ತಾದರೂ ಮುಗಿಯಲಿಲ್ಲ. ಈ ವಿಷವನ್ನು ಮೀನು ತಾನಾಗಿ ತಯಾರಿಸುವುದಿಲ್ಲ. ಸಮುದ್ರದ ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿ, ಹುಳು, ಬಸವನಹುಳು, ನಕ್ಷತ್ರ ಮೀನುಗಳ ಮೂಲಕ ಪಫರ್‌ನ ದೇಹ ಸೇರುತ್ತದೆ. ಅಂದರೆ ವಿಷದ ಪ್ರಮಾಣ ಮೀನು ಎಲ್ಲಿ ಮೇಯಿತು ಎಂಬುದರ ಮೇಲೆ ನಿಂತಿದೆ. ಜಪಾನ್ ತನ್ನ ಪಟ್ಟಿಯಲ್ಲಿ ಕೋಮೊನ್‌ಫುಗು, ಹಿಗಾನ್‌ಫುಗು ಎಂಬ ಎರಡು ಜಾತಿಗಳ ಮಾಂಸ ತಿನ್ನಬಹುದು ಎನ್ನುತ್ತದೆ. ಆದರೆ ಮಿಯಾಗಿ ಪ್ರಾಂತದ ಒಗಾತ್ಸು ಕೊಲ್ಲಿ ಮತ್ತು ಇವಾತೆಯ ಕೆಲವು ಕೊಲ್ಲಿಗಳಲ್ಲಿ ಹಿಡಿದದ್ದಾದರೆ ಅವೇ ಜಾತಿಗಳಿಗೆ ನಿಷೇಧ. ಅಮೆರಿಕದ ಪೂರ್ವ ಕರಾವಳಿಯಲ್ಲೂ ಹೀಗೇ. ಚೆಸಾಪೀಕ್ ಕೊಲ್ಲಿಯ ಉತ್ತರದ ಪಫರ್ ಅನ್ನು ಅಲ್ಲಿನವರು ಶುಗರ್ ಟೋಡ್ ಎಂದು ಪ್ರೀತಿಯಿಂದ ಕರೆದು ಹುರಿದು ತಿನ್ನುತ್ತಾರೆ. ದಕ್ಷಿಣಕ್ಕೆ ಫ್ಲಾರಿಡಾದ ಇಂಡಿಯನ್ ರಿವರ್ ಲಗೂನಿನಲ್ಲಿ ಅದರ ಹತ್ತಿರದ ಬಂಧುವನ್ನು ತಿಂದವರು 2002ರಿಂದ ಆಸ್ಪತ್ರೆ ಸೇರತೊಡಗಿದರು. ಅಲ್ಲಿ ಸಿಕ್ಕದ್ದು ಸ್ಯಾಕ್ಸಿಟಾಕ್ಸಿನ್ ಎಂಬ ಬೇರೊಂದು ನರವಿಷ, ನೀರಿನ ಪಾಚಿಜೀವಿಯಿಂದ ಬಂದದ್ದು. 2004ರಿಂದ ಆ ಭಾಗದ ಐದು ಕೌಂಟಿಗಳಲ್ಲಿ ಪಫರ್ ಹಿಡಿಯುವುದೇ ನಿಷಿದ್ಧ. ನನ್ನ ಅಜ್ಜ ತಿಂದಿದ್ದರು, ಏನೂ ಆಗಲಿಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅಜ್ಜ ತಿಂದದ್ದು ಬೇರೆ ಮೀನು, ಬೇರೆ ತಿಂಗಳು, ಬೇರೆ ನೀರು.

ಶೈತ್ಯೀಕರಣದಲ್ಲೂ ಒಂದು ಬಲೆ ಇದೆ. ಇಡೀ ಮೀನನ್ನು ನಿಧಾನವಾಗಿ ಹೆಪ್ಪುಗಟ್ಟಿಸಿ ಮತ್ತೆ ಕರಗಿಸಿದರೆ ಜೀವಕೋಶ ಒಡೆದು ಚರ್ಮದ, ಲಿವರ್‌ನ ವಿಷ ಮಾಂಸಕ್ಕೆ ಇಳಿಯುತ್ತದೆ. ಬೋಟಿನಲ್ಲಿ ವಾರಗಟ್ಟಲೆ ಮಂಜುಗಡ್ಡೆಯಲ್ಲಿ ಒತ್ತಿ ಹೊಟ್ಟೆ ಒಡೆದ ಮೀನಿನಲ್ಲೂ ಒಳಗಿನ ರಸ ಮಾಂಸಕ್ಕೆ ಹರಡದೆ ಇರದು. ದಕ್ಕೆಗೆ ಬಂದ ಮೇಲೆ ಎಷ್ಟು ನಾಜೂಕಾಗಿ ಕೊಯ್ದರೂ ತಡವಾಗಿರುತ್ತದೆ.

ಹಾಗಾದರೆ ಜಪಾನಿನಲ್ಲಿ ಹೇಗೆ? ಅಲ್ಲೂ ಸುಲಭಕ್ಕೆ ಬಂದದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಆಡಳಿತಗಾರ ಹಿದೆಯೋಶಿ ತನ್ನ ಸೈನಿಕರು ಸಾಯುವುದನ್ನು ಕಂಡು ನಿಷೇಧಿಸಿದ್ದ. 1888ರಲ್ಲಿ ಪ್ರಧಾನಿಯಾಗಿದ್ದ ಇತೊ ಹಿರೊಬುಮಿ ಶಿಮೊನೊಸೆಕಿಯಲ್ಲಿ ತಿಂದು ಮೆಚ್ಚಿದ ಮೇಲೆ ಯಾಮಾಗುಚಿ ಪ್ರಾಂತದಲ್ಲಿ ನಿಷೇಧ ಸಡಿಲವಾಯಿತು. 1975ರ ಜನವರಿಯಲ್ಲಿ ಕಬುಕಿ ಎಂಬ ಸಾಂಪ್ರದಾಯಿಕ ರಂಗದ ದೊಡ್ಡ ನಟ ಎಂಟನೆಯ ಬಂದೊ ಮಿತ್ಸುಗೊರೊ ಕ್ಯೋಟೊದಲ್ಲಿ ನಾಲ್ಕು ಬಾರಿ ಬಡಿಸಿಕೊಂಡು ಲಿವರ್ ತಿಂದು ತೀರಿಕೊಂಡರು. ಬಡಿಸಿದವರು ಪರವಾನಗಿ ಇದ್ದ ಬಾಣಸಿಗರೇ. 1983ರಲ್ಲಿ ಸರ್ಕಾರ ತಿನ್ನಬಹುದಾದ ಜಾತಿಗಳನ್ನೂ, ಪ್ರತಿ ಜಾತಿಯ ಯಾವ ಭಾಗ ತಿನ್ನಬಹುದು ಎಂಬುದನ್ನೂ ಪಟ್ಟಿ ಮಾಡಿ, ಲಿವರ್ ಮಾರುವುದನ್ನು ದೇಶದಾದ್ಯಂತ ನಿಲ್ಲಿಸಿತು. ತೊರಾಫುಗು ಜಾತಿಯಲ್ಲಿ ಮಾಂಸ, ಚರ್ಮ, ಗಂಡಿನ ವೀರ್ಯಚೀಲ ಆಗಬಹುದು. ಕುಸಾಫುಗುವಿನಲ್ಲಿ ಮಾಂಸ ಮಾತ್ರ, ಚರ್ಮ ವಿಷ. ಪಟ್ಟಿಯಲ್ಲಿಲ್ಲದ ಜಾತಿಯನ್ನು ಮಾರುವಂತಿಲ್ಲ.

ಪಫರ್ ಕೊಯ್ಯುವ ಪರವಾನಗಿಯ ಪರೀಕ್ಷೆಗೆ ಕೂರುವವರು ಮೊದಲು ಜಾತಿ ಗುರುತಿಸಬೇಕು, ಲಿಖಿತ ಪರೀಕ್ಷೆ ಬರೆಯಬೇಕು, ಆಮೇಲೆ ಮೇಜಿನ ಮೇಲಿಟ್ಟ ಮೀನನ್ನು ಗೊತ್ತಾದ ನಿಮಿಷಗಳಲ್ಲಿ ಬಿಡಿಸಿ, ಪ್ರತಿ ಅಂಗಕ್ಕೂ ಹೆಸರಿನ ಚೀಟಿ ಹಚ್ಚಿ, ತಿನ್ನುವುದನ್ನು ಒಂದು ತಟ್ಟೆಗೆ, ತಿನ್ನಬಾರದ್ದನ್ನು ಇನ್ನೊಂದಕ್ಕೆ ಇಡಬೇಕು. ಒಂದೇ ಒಂದು ಅಂಗ ತಪ್ಪು ತಟ್ಟೆ ಸೇರಿದರೆ ನಪಾಸು. ಕೆಲಸದಲ್ಲಿ ಕೊಯ್ದ ವಿಷದ ಅಂಗಗಳು ಬೀಗದ ಡಬ್ಬಕ್ಕೆ ಹೋಗುತ್ತವೆ, ಅಲ್ಲಿಂದ ಸುಡಲು. ಮಾಂಸವನ್ನು ಹರಿಯುವ ನೀರಿನಲ್ಲಿ ರಕ್ತದ ಗೆರೆಯೂ ಉಳಿಯದಂತೆ ತೊಳೆದು, ಬಟ್ಟೆಯಲ್ಲಿ ಸುತ್ತಿ ಒಂದು ದಿನದ ಮಟ್ಟಿಗೆ ಇಡುತ್ತಾರೆ. ರಬ್ಬರಿನಂತೆ ಜಿಗುಟಾದ ಮಾಂಸವಾದ್ದರಿಂದಲೇ ತಟ್ಟೆಯ ಚಿತ್ತಾರ ಕಾಣುವಷ್ಟು ತೆಳುವಾಗಿ ಹೆರೆಯುವುದು. ಇಷ್ಟಾಗಿಯೂ 2018ರ ಜನವರಿಯಲ್ಲಿ ಐಚಿ ಪ್ರಾಂತದ ಗಾಮಗೊರಿಯಲ್ಲಿ ಒಂದು ಅಂಗಡಿ ಐದು ಪೊಟ್ಟಣಗಳನ್ನು ಲಿವರ್ ಸಮೇತ ಮಾರಿಬಿಟ್ಟಾಗ, ಊರಿನ ತುರ್ತು ಧ್ವನಿವರ್ಧಕಗಳಲ್ಲಿ ಕೂಗಿ ಹೇಳಬೇಕಾಯಿತು. ಇಂದಿಗೂ ಅಲ್ಲಿ ಸಾಯುವವರಲ್ಲಿ ಹೆಚ್ಚಿನವರು ತಾವೇ ಗಾಳ ಹಾಕಿ ಹಿಡಿದು, ಮನೆಯಲ್ಲಿ ತಾವೇ ಕೊಯ್ದವರು.

ಇಶಿಕಾವಾ ಪ್ರಾಂತದಲ್ಲಿ ವಿಷದ ಮೊಟ್ಟೆಯನ್ನೇ ಉಪ್ಪಿನಲ್ಲಿ, ಆಮೇಲೆ ಅಕ್ಕಿ ತೌಡಿನಲ್ಲಿ, ಒಟ್ಟು ಮೂರು ವರ್ಷದ ಹತ್ತಿರ ಊರಿಟ್ಟು ಮಾರುವ ಹಳೆಯ ಪದ್ಧತಿ ಇದೆ. ಅದನ್ನು ಕೇಳಿ ಉಪ್ಪಿನಕಾಯಿ ಭರಣಿಗೆ ಕೈಹಾಕುವವರಿಗೆ ಒಂದು ಮಾತು: ಅಲ್ಲಿ ವಿಷ ಪರೀಕ್ಷೆಯಲ್ಲಿ ಪಾಸಾಗದೆ ಮಾರಾಟಕ್ಕೆ ಬರುವುದಿಲ್ಲ. ವಿಷ ಯಾಕೆ ಇಳಿಯುತ್ತದೆ ಎಂಬುದನ್ನು ವಿಜ್ಞಾನ ಪೂರ್ತಿ ಬಿಡಿಸಿಲ್ಲ.

ವ್ಯವಸ್ಥೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಾಂಗ್ಲಾದೇಶದಲ್ಲಿ ಪೋಟ್ಕಾ ಎಂದು ಕರೆಯುವ ಈ ಮೀನು 2008ರಲ್ಲಿ ಸಮುದ್ರದಿಂದ ದೂರದ ಊರುಗಳ ಸಂತೆಗೆ ಅಗ್ಗದ ಮೀನಾಗಿ ಬಂತು. ಏಪ್ರಿಲ್‌ನಿಂದ ಜೂನ್ ಒಳಗೆ ಮೂರು ಕಡೆ ನೂರರ ಸುತ್ತಮುತ್ತ ಜನರಿಗೆ ವಿಷವೇರಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೊಂಡವರು ಬಡವರು, ಮೀನಿನ ಗುರುತಿಲ್ಲದವರು. 2023ರ ಮಾರ್ಚ್‌ನಲ್ಲಿ ಮಲೇಷ್ಯಾದ ಜೊಹೊರ್‌ನಲ್ಲಿ ವಯಸ್ಸಾದ ದಂಪತಿ ಪೇಟೆಯಿಂದ ತಂದ ಪಫರ್ ಬೇಯಿಸಿ ಉಂಡು ಇಬ್ಬರೂ ತೀರಿಕೊಂಡರು. ಥಾಯ್ಲೆಂಡಿನಲ್ಲಿ ಪಫರ್ ಮಾಂಸಕ್ಕೆ ಬಣ್ಣ ಹಾಕಿ ಸಾಲ್ಮನ್ ಎಂದು ಮಾರುತ್ತಿದ್ದದ್ದು 2007ರಲ್ಲಿ ಬಯಲಾಯಿತು. ಪಫರ್‌ನ ಮಾಂಸಕ್ಕೆ ಒಮ್ಮೆ ಬೆಲೆ ಕಟ್ಟಿದರೆ ಅದು ಬೇರೆ ಹೆಸರಿನಲ್ಲಿ ಬಂದೇ ಬರುತ್ತದೆ.

ಸಾಕಣೆಯ ದಾರಿ ಮಾತ್ರ ಭರವಸೆಯದ್ದು. ವಿಷ ಆಹಾರದಿಂದ ಬರುವುದಾದ್ದರಿಂದ, ನಿಯಂತ್ರಿತ ಆಹಾರ ತಿಂದು ಬೆಳೆದ ಮೀನಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 1990ರಿಂದ ಪಫರ್ ನಿಷೇಧಿಸಿದ್ದ ಚೀನಾ 2016ರಲ್ಲಿ ಎರಡು ಜಾತಿಗಳ ಸಾಕಿದ ಮೀನಿಗೆ ಮಾತ್ರ, ನೋಂದಾಯಿತ ಸಾಕಣೆ ಕೇಂದ್ರದಿಂದ ಬಂದು ಕಾರ್ಖಾನೆಯಲ್ಲಿ ಸಂಸ್ಕರಿಸಿದ್ದಕ್ಕೆ ಮಾತ್ರ ಅನುಮತಿ ಕೊಟ್ಟಿತು. ಸಾಕಿದ ಮೀನಿನ ಲಿವರ್ ಬಡಿಸಲು ಬಿಡಿ ಎಂದು ಜಪಾನಿನ ಸಾಗಾ ಪ್ರಾಂತ ಕೇಳಿದಾಗ, ಅಲ್ಲಿನ ಆಹಾರ ಸುರಕ್ಷತಾ ಆಯೋಗ ಅದಕ್ಕೂ ಒಪ್ಪಲಿಲ್ಲ.

ನಮ್ಮ ಕಡೆ ಈ ಪ್ರಶ್ನೆ ಈಗ ಏಳಲು ಕಾರಣ, ಬಲೆಯಲ್ಲಿ ಬರುವ ಪಫರ್ ಹೆಚ್ಚಾಗಿರುವುದು. ಕೇರಳ ಕರಾವಳಿಯಲ್ಲಿ ಲಾಗೋಸೆಫಾಲಸ್ ಇನರ್ಮಿಸ್ ಎಂಬ ಪಫರ್ ಜಾತಿ ಏರುತ್ತಿರುವುದನ್ನು ಅಧ್ಯಯನ ಮಾಡಿದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ, ಇದನ್ನು ತಿನ್ನುವ ಕೋಬಿಯಾದಂಥ ದೊಡ್ಡ ಮೀನುಗಳು ಕಡಿಮೆಯಾದದ್ದೇ ಕಾರಣ ಎಂದು ತೋರಿಸಿದರು. ಮೀನುಗಾರರಿಗೆ ನಷ್ಟ ಎರಡು ಬಗೆಯದು: ಕೊಕ್ಕಿನಿಂದ ಬಲೆ ಕತ್ತರಿಸುತ್ತದೆ, ಬಲೆಯೊಳಗಿನ ಬೊಂಡಾಸವನ್ನು ಕಚ್ಚಿ ಬೆಲೆ ಕೆಡಿಸುತ್ತದೆ. ಮೆಡಿಟರೇನಿಯನ್ನಿನಲ್ಲೂ ಇದೇ ಗೋಳು. ಸೂಯೆಜ್ ಕಾಲುವೆ ದಾಟಿ ಬಂದ ಲಾಗೋಸೆಫಾಲಸ್ ಸೆಲೆರಾಟಸ್ 2003ರಲ್ಲಿ ಟರ್ಕಿಯ ಗೊಕೊವಾ ಕೊಲ್ಲಿಯಲ್ಲಿ ಕಾಣಿಸಿತು. ಸೈಪ್ರಸ್ ಕಿಲೋ ಲೆಕ್ಕದಲ್ಲಿ, ಟರ್ಕಿ ಬಾಲದ ಲೆಕ್ಕದಲ್ಲಿ ಮೀನುಗಾರರಿಗೆ ಹಣ ಕೊಟ್ಟು ಅದನ್ನು ಹಿಡಿಸುತ್ತವೆ. ನಮ್ಮ ಮೀನುಗಾರರಿಗೂ ಬೇಕಾಗಿರುವುದು ಅಂಥದ್ದೊಂದು ಪರಿಹಾರ ಎಂದು ನಾವು ನಂಬುತ್ತೇವೆ. ಬಲೆ ಹರಿದುಕೊಂಡವನು ಆ ನಷ್ಟವನ್ನು ಅದೇ ಮೀನು ಮಾರಿ ತುಂಬಿಕೊಳ್ಳುವ ಸ್ಥಿತಿಗೆ ಬರಬಾರದು.

ಬೋಟಿನಲ್ಲಿ ಮೀನು ಆರಿಸುವಾಗಲೇ ಪಫರ್‌ಗಳನ್ನು ಪ್ರತ್ಯೇಕ ಬುಟ್ಟಿಗೆ ಹಾಕಿ. ಬರಿಗೈ ಬೇಡ, ಕೊಕ್ಕು ಬೆರಳನ್ನು ಗಾಯ ಮಾಡಬಲ್ಲದು. ಜೀವವಿದ್ದರೆ ಕಡಲಿಗೇ ಬಿಡಿ. ಹೊಟ್ಟೆ ಒಡೆದ ಮೀನು ತಾಗಿದ ಬೇರೆ ಮೀನನ್ನು ಚೆನ್ನಾಗಿ ತೊಳೆಯಿರಿ. ದಡದಲ್ಲಿ ಎಸೆದರೆ ನಾಯಿ, ಬೆಕ್ಕು ತಿಂದು ಸಾಯುತ್ತವೆ. ಕೋಳಿಗೆ, ಹಂದಿಗೆ ಹಾಕಬೇಡಿ; ಆಳವಾಗಿ ಹೂಳಿ.

ಗೊತ್ತಿಲ್ಲದೆ ತಿಂದಾಯಿತು ಎಂದರೆ ಗಡಿಯಾರ ನೋಡಿಕೊಳ್ಳಿ. ಸಾಮಾನ್ಯವಾಗಿ 10ರಿಂದ 45 ನಿಮಿಷದೊಳಗೆ, ಕೆಲವರಲ್ಲಿ ಮೂರು ಗಂಟೆಯಷ್ಟು ತಡವಾಗಿ, ತುಟಿ ಮತ್ತು ನಾಲಿಗೆ ಜುಮುಗುಡುತ್ತವೆ. ಆಮೇಲೆ ಮುಖ, ಬೆರಳು ಮರಗಟ್ಟುತ್ತವೆ. ವಾಂತಿ, ತಲೆಸುತ್ತು, ನಡೆಯಲು ತೂರಾಟ, ತೊದಲು ಮಾತು. ಕುಡಿದವರಂತೆ ಕಾಣಬಹುದು, ಹಾಗೆಂದು ಮಲಗಲು ಬಿಡಬೇಡಿ. ತುಟಿ ಜುಮ್ಮೆಂದ ಕೂಡಲೇ 108ಕ್ಕೆ ಕರೆ ಮಾಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಒಯ್ಯಿರಿ. ಚಿಕ್ಕ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿ ಕಾಯುವ ಹೊತ್ತು ಇದಲ್ಲ. ನಾಲಿಗೆ ಮರಗಟ್ಟಿದವರಿಗೆ ನೀರು, ಮಜ್ಜಿಗೆ, ನಿಂಬೆರಸ ಕುಡಿಸಬೇಡಿ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ; ಶ್ವಾಸನಾಳಕ್ಕೆ ಇಳಿಯುತ್ತದೆ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರು ನಿಂತರೆ ಆಂಬ್ಯುಲೆನ್ಸ್ ಬರುವವರೆಗೆ ಬಾಯಿಂದ ಉಸಿರು ಕೊಡುತ್ತಲೇ ಇರಿ. ಪಾತ್ರೆಯಲ್ಲಿ ಉಳಿದದ್ದು, ಕಸಕ್ಕೆ ಹಾಕಿದ ತಲೆ ಅಥವಾ ಚರ್ಮ, ಇದ್ದರೆ ಫೋಟೊ ಜೊತೆಗಿಟ್ಟುಕೊಂಡು ಹೋಗಿ ವೈದ್ಯರಿಗೆ ಪಫರ್ ಮೀನು ಎಂದು ಸ್ಪಷ್ಟವಾಗಿ ಹೇಳಿ. ಜೊತೆಯಲ್ಲಿ ಉಂಡ ಎಲ್ಲರನ್ನೂ, ಏನೂ ಆಗಿಲ್ಲ ಎನ್ನುವವರನ್ನೂ, ಕರೆದೊಯ್ಯಿರಿ.

ಈ ವಿಷಕ್ಕೆ ಪ್ರತಿವಿಷ ಇಲ್ಲ. ಬೇಗ ಬಂದವರಿಗೆ ಇದ್ದಿಲ ಪುಡಿ ಕೊಡುತ್ತಾರೆ. ಉಳಿದಂತೆ ಯಂತ್ರದಿಂದ ಉಸಿರಾಡಿಸುತ್ತಾ, ರಕ್ತದೊತ್ತಡ ಕಾಪಾಡುತ್ತಾ, ದೇಹ ವಿಷವನ್ನು ಮೂತ್ರದಲ್ಲಿ ಹೊರಹಾಕುವವರೆಗೆ ಕಾಯುವುದೇ ಚಿಕಿತ್ಸೆ. ಮೊದಲ 24 ಗಂಟೆ ದಾಟಿದವರು ಹೆಚ್ಚಾಗಿ ಪೂರ್ತಿ ಗುಣವಾಗುತ್ತಾರೆ. ಆ ಹೊತ್ತಿನಲ್ಲಿ ರೋಗಿ ಕಣ್ಣು ತೆರೆಯಲಾರ, ಬೆರಳು ಅಲ್ಲಾಡಿಸಲಾರ, ಆದರೆ ಬಹಳ ಸಲ ಎಚ್ಚರವಾಗಿಯೇ ಇರುತ್ತಾನೆ, ಸುತ್ತಲಿನ ಮಾತೆಲ್ಲ ಕೇಳಿಸುತ್ತಿರುತ್ತದೆ. ಹಾಸಿಗೆಯ ಪಕ್ಕ ನಿಂತು ಅಳಬೇಡಿ. ಕಿವಿಯ ಹತ್ತಿರ ಬಾಗಿ, ಎಲ್ಲಿದ್ದಾನೆ, ಏನು ನಡೆಯುತ್ತಿದೆ, ಎಷ್ಟು ಹೊತ್ತಾಯಿತು ಎಂದು ಹೇಳುತ್ತಿರಿ.